ಗ್ರ್ಯಾಫೈಟ್ ನೆಕ್ ಇರೋ ಹಳೇ ಬೇಸ್ ಗಿಟಾರ್ ದುರ್ಗದಲ್ಲಿ ಸಿಕ್ಕಿದೆ, ತಗೊಳ್ಳಲಾ ಬೇಡ್ವಾ?

ತಗ್ಗುಸ್ವರ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯಲ್ಲಿ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸುತ್ತೇನೆ. ಹನ್ನೆರಡು ವರ್ಷ ಆಯ್ತು. ಹಗಲು ಮಂಡಿಪೇಟೆಯಲ್ಲಿ ಲೆಕ್ಕ ಬರೆಯುವ ಕೆಲಸ, ರಾತ್ರಿ ಗಣಪತಿ, ಜಾತ್ರೆ, ರಿಸೆಪ್ಷನ್.

ಚಿತ್ರದುರ್ಗದಲ್ಲಿ ಒಬ್ಬರ ಮನೆಯಲ್ಲಿ ಹಳೇ ಬೇಸ್ ಒಂದಿದೆ. ಅವರ ಸೋದರಮಾವ ಗಲ್ಫ್‌ನ ಹೋಟೆಲ್ ಬ್ಯಾಂಡಿನಲ್ಲಿ ನುಡಿಸುತ್ತಿದ್ದರಂತೆ. ತೀರಿಕೊಂಡು ಮೂರು ವರ್ಷ. ಅಲ್ಲಿಂದ ಅಟ್ಟದ ಮೇಲೇ ಇತ್ತು. ನೆಕ್, ಅಂದ್ರೆ ಎಡಗೈಯಲ್ಲಿ ಹಿಡಿಯೋ ಉದ್ದನೆ ಕತ್ತು, ಮರದ್ದಲ್ಲ, ಗ್ರ್ಯಾಫೈಟ್. ತಲೆಯ ಮೇಲೆ 'ಮಾಡ್ಯುಲಸ್ ಗ್ರ್ಯಾಫೈಟ್' ಅಂತ ಬರೆದಿದೆ. ಬಾಡಿ ಮೇಲೆ ಯಾವ ಹೆಸರೂ ಇಲ್ಲ, ಕೆಂಪು ಬಣ್ಣ ಹೊಡೆದಿದ್ದಾರೆ, ಅದೂ ಬ್ರಷ್‌ನಲ್ಲಿ ಹೊಡೆದ ಹಾಗಿದೆ. ಕೇಳುತ್ತಿರುವುದು 1,10,000 ರೂಪಾಯಿ.

ನನ್ನ ಈಗಿನ ಬೇಸ್‌ನದು ಮೇಪಲ್ ನೆಕ್. ಹವೆ ಬದಲಾದರೆ ಬಾಗುತ್ತೆ, ಯುಗಾದಿ ಹೊತ್ತಿಗೆ ಒಂದು ಸಲ, ಮಳೆ ಹಿಡಿದಾಗ ಇನ್ನೊಂದು ಸಲ ಅಲೆನ್ ಕೀ ಹಿಡ್ಕೊಂಡು ಕೂರಬೇಕು. ಹೋದ ವರ್ಷ ಜಗಳೂರು ಕಡೆ ಒಂದು ಪ್ರೋಗ್ರಾಂನಲ್ಲಿ ಮೂರನೇ ಹಾಡಿಗೇ ಜಿರ್ ಅನ್ನೋಕೆ ಶುರುವಾಯ್ತು. ಗ್ರ್ಯಾಫೈಟ್ ಆದ್ರೆ ಈ ಕಾಟ ಇರಲ್ಲ ಅಂತ ಕೇಳಿದ್ದೇನೆ. ನಿಜವಾ? ನೋಡೋಕೆ ಹೋದಾಗ ಏನೇನು ನೋಡಬೇಕು?

ಬೆಣ್ಣೆದೋಸೆ, ದಾವಣಗೆರೆ

ಒಂದು ಲಕ್ಷದ ಹತ್ತು ಸಾವಿರಕ್ಕೆ ಪೆನ್ಸಿಲ್ ಕಡ್ಡಿನಾ ಗುರೂ! ಗಣಪತಿ ಬಿಡೋ ದಿನ ಡೊಳ್ಳು, ಪಟಾಕಿ ಮಧ್ಯೆ ನಿನ್ನ ನೆಕ್ ಮರದ್ದಾ ಕಾರ್ಬನ್‌ದಾ ಅಂತ ಯಾವನು ಕೇಳ್ತಾನೆ? ಆ ದುಡ್ಡಿಗೆ ಎರಡು ಒಳ್ಳೆ ಹೊಸ ಬೇಸ್ ಬರ್ತವೆ.

ಸೆಟಪ್ ಮೇಷ್ಟ್ರು, ಬೆಂಗಳೂರು

ಪೆನ್ಸಿಲ್ ಕಡ್ಡಿ ಅಲ್ಲ ಸ್ವಾಮಿ. ಗ್ರ್ಯಾಫೈಟ್ ಅನ್ನೋದು ಕರೆಯೋಕೆ ಇಟ್ಟ ಹೆಸರು. ಒಳಗಿರುವುದು ಕಾರ್ಬನ್ ನಾರು ಮತ್ತು ಎಪಾಕ್ಸಿ ಅಂಟು.

ಕಥೆ ಚಿಕ್ಕದಾಗಿ ಹೇಳ್ತೀನಿ. 1970ರ ದಶಕದ ಕೊನೆ, ಕ್ಯಾಲಿಫೋರ್ನಿಯಾ. ಜೆಫ್ ಗೌಲ್ಡ್ ಅನ್ನೋರು ಬಾಹ್ಯಾಕಾಶದ ಸಾಮಾನು ತಯಾರಿಸುವ ಕಂಪನಿಯಲ್ಲಿದ್ದರು, ಬೇಸ್ ಕೂಡ ನುಡಿಸುತ್ತಿದ್ದರು. ಇಷ್ಟು ಹಗುರ, ಇಷ್ಟು ಗಟ್ಟಿ ಇರೋ ಮಾಲನ್ನು ಗಿಟಾರ್ ನೆಕ್‌ಗೆ ಯಾಕೆ ಹಾಕಬಾರದು ಅಂತ ಅಲೆಂಬಿಕ್ ಕಂಪನಿಯವರ ಜೊತೆ ಸೇರಿ ಪ್ರಯತ್ನ ಮಾಡಿದರು. ಆಮೇಲೆ ಹುಟ್ಟಿದ್ದೇ ಮಾಡ್ಯುಲಸ್ ಗ್ರ್ಯಾಫೈಟ್. ಇಡೀ ಗಿಟಾರ್ ಅಷ್ಟೇ ಅಲ್ಲ, ಬಿಡಿ ನೆಕ್ಕುಗಳನ್ನೂ ಮಾಡಿ ಮಾರುತ್ತಿದ್ದರು. ಮ್ಯೂಸಿಕ್ ಮ್ಯಾನ್‌ನವರ ಕಟ್ಲಾಸ್ ಬೇಸ್‌ಗೂ ಅವರದೇ ನೆಕ್. ಅದೇ ಕಾಲಕ್ಕೆ ನೆಡ್ ಸ್ಟೈನ್‌ಬರ್ಗರ್ ತಲೆಯೇ ಇಲ್ಲದ ಬೇಸ್ ತಂದರು, ನೆಕ್ ಬಾಡಿ ಎಲ್ಲಾ ಅದೇ ಮಾಲು. ಇಂಗ್ಲೆಂಡಿನಲ್ಲಿ ರಾಬ್ ಗ್ರೀನ್ ಅವರ ಸ್ಟೇಟಸ್ ಬೇಸ್. ಲೆವೆಲ್ 42 ಬ್ಯಾಂಡಿನ ಮಾರ್ಕ್ ಕಿಂಗ್ ಕೈಯಲ್ಲಿ ನೋಡಿರ್ತೀರಿ.

ನಿಮ್ಮ ಬಾಡಿ ಮೇಲೆ ಹೆಸರಿಲ್ಲ, ಬಣ್ಣ ಬ್ರಷ್‌ನದು ಅಂದ್ರೆ ಅದು ಬಿಡಿ ನೆಕ್ ತಂದು ಯಾವುದೋ ಬಾಡಿಗೆ ಕೂರಿಸಿದ್ದು ಅಂತ ನನ್ನ ಊಹೆ. ಜೋಡಣೆ ಗಿಟಾರ್. ನುಡಿಸೋಕೆ ತೊಂದರೆಯಿಲ್ಲ. ಆದರೆ 'ವಿಂಟೇಜ್' ಅಂತ ರೇಟು ಏರಿಸೋಕಾಗಲ್ಲ.

ಈಗ ಮುಖ್ಯ ವಿಷಯ. ಆ ಕಾಲದ ಮಾಡ್ಯುಲಸ್ ನೆಕ್‌ನಲ್ಲಿ ಟ್ರಸ್ ರಾಡ್, ಅಂದ್ರೆ ಬಾಗು ಸರಿಮಾಡೋಕೆ ನೆಕ್ ಒಳಗೆ ಇಡುವ ಲೋಹದ ಸರಳು, ಇರಲ್ಲ. ಸ್ಟೈನ್‌ಬರ್ಗರ್‌ನಲ್ಲೂ ಇರಲಿಲ್ಲ. ಇಷ್ಟು ಗಟ್ಟಿ ಇದೆ, ಯಾಕೆ ಬೇಕು ಅನ್ನೋದು ಅವರ ವಾದ. ನಿಮ್ಮ ಮೇಪಲ್ ನೆಕ್ ಬಾಗಿದರೆ ಅಲೆನ್ ಕೀ ಕಾಲು ಸುತ್ತು ತಿರುಗಿಸಿದರೆ ಮುಗಿಯಿತು. ಇಲ್ಲಿ ತಿರುಗಿಸೋಕೆ ಏನೂ ಇಲ್ಲ. ಅಚ್ಚಿನಿಂದ ಹೊರಗೆ ಬಂದ ದಿನ ಹೇಗಿತ್ತೋ ಹಾಗೇ. ನೆಟ್ಟಗಿದ್ದರೆ ನಿಮ್ಮ ಮೊಮ್ಮಗನ ಕಾಲಕ್ಕೂ ನೆಟ್ಟಗಿರುತ್ತೆ, ಸೊಟ್ಟ ಇದ್ದರೆ ಸೊಟ್ಟಾನೇ. ಅದಕ್ಕೇ ಫೋಟೋ ನೋಡಿ ದುಡ್ಡು ಕಳಿಸಬೇಡಿ. ಹೋಗಿ ನೋಡಿ.

ತಗ್ಗುಸ್ವರ, ದಾವಣಗೆರೆ

ಹೋಗ್ತೀನಿ ಸಾರ್, ದುರ್ಗ ಏನು ದೂರ, ಅರವತ್ತು ಕಿಲೋಮೀಟರ್. ಆದರೆ ನೆಟ್ಟಗಿದೆಯಾ ಅಂತ ನೋಡೋದು ಹೇಗೆ? ಕಣ್ಣಳತೆ ಸಾಕಾ?

ಸೆಟಪ್ ಮೇಷ್ಟ್ರು, ಬೆಂಗಳೂರು

ಸಾಲದು. ಮೊದಲು ತಂತಿಯನ್ನು ಪೂರ್ತಿ ಶ್ರುತಿಗೆ ತನ್ನಿ. ನಾಲ್ಕು ತಂತಿ ಸೇರಿ ನೆಕ್ ಅನ್ನು ಎಳೆಯುವುದು ಸುಮಾರು 70ರಿಂದ 80 ಕೆಜಿ. ಸಡಿಲ ತಂತಿ ಮೇಲೆ ನೆಕ್ ನೋಡೋದು ಅಂದ್ರೆ ಖಾಲಿ ಲಾರಿ ನೋಡಿ ಲೋಡ್ ತಡೆಯುತ್ತೆ ಅಂದ ಹಾಗೆ.

ಶ್ರುತಿ ಆದಮೇಲೆ ಅರ್ಧ ಗಂಟೆ ಬಿಡಿ. ಅವರ ಮನೆಯಲ್ಲಿ ಕಾಫಿ ಕುಡೀರಿ. ಆಮೇಲೆ ದಪ್ಪ ತಂತಿಯನ್ನು ಮೊದಲನೇ ಫ್ರೆಟ್‌ನಲ್ಲಿ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಎಡಗೈಯಿಂದ, ಕೊನೇ ಫ್ರೆಟ್‌ನಲ್ಲಿ ಬಲಗೈಯಿಂದ ಒತ್ತಿ. ಈಗ ತಂತಿಯೇ ನಿಮ್ಮ ಅಡಿಪಟ್ಟಿ. ಏಳು, ಎಂಟನೇ ಫ್ರೆಟ್ ಹತ್ತಿರ ಫ್ರೆಟ್ಟಿಗೂ ತಂತಿಗೂ ಎಷ್ಟು ಸಂದಿ ಇದೆ ನೋಡಿ. ಬೈಕ್ ಮೆಕ್ಯಾನಿಕ್ ಟ್ಯಾಪೆಟ್ ಸೆಟ್ ಮಾಡೋ ಫೀಲರ್ ಗೇಜ್ ಇರುತ್ತಲ್ಲ, ಅದನ್ನು ತಗೊಂಡು ಹೋಗಿ. 0.1ರಿಂದ 0.3 ಮಿಲಿಮೀಟರ್ ಒಳಗಿದ್ದರೆ ಆರಾಮ. ಅರ್ಧ ಮಿಲಿಮೀಟರ್ ದಾಟಿದರೆ ವಾಪಸ್ ಬಸ್ ಹತ್ತಿ. ಸಂದಿಯೇ ಇಲ್ಲದೆ ತಂತಿ ಮಧ್ಯದ ಫ್ರೆಟ್‌ಗೆ ತಾಗಿದರೆ ನೆಕ್ ಹಿಂದಕ್ಕೆ ಬಾಗಿದೆ ಅಂತ. ಅದು ಸ್ವಲ್ಪವೇ ಆಗಿದ್ದರೆ ಒಂದು ದಾರಿ ಇದೆ, ದಪ್ಪ ತಂತಿ ಹಾಕಿ ಜಾಸ್ತಿ ಎಳೆಸೋದು. ರಾಡ್ ಇಲ್ಲದ ನೆಕ್‌ಗೆ ತಂತಿಯ ದಪ್ಪವೇ ರಾಡ್.

ಬೇರೆ ಬೇರೆ ದಪ್ಪದ ಎರಡು ಸೆಟ್ ತಂತಿ ಜೊತೆಗೆ ಒಯ್ಯಿರಿ. ತಂತಿ ದುಡ್ಡು ಹೋದರೆ ಹೋಗಲಿ.

ಹರಿಹರದ ಐದು ತಂತಿ

ನನ್ನ ಕಥೆ ಕೇಳಿ ಆಮೇಲೆ ಹೋಗಿ. ಆರು ವರ್ಷದ ಹಿಂದೆ ತಲೆ ಇಲ್ಲದ ಬೇಸ್ ತಗೊಂಡೆ. ಮಾರಿದವರು "ಪೂರ್ತಿ ಗ್ರ್ಯಾಫೈಟ್, ಸ್ಟೈನ್‌ಬರ್ಗರ್ ಲೈಸೆನ್ಸ್, ನೋಡಿ ಇಲ್ಲೇ ಬರೆದಿದೆ" ಅಂದರು. ಬರೆದಿದ್ದೇನೋ ನಿಜ. ಕಪ್ಪು ಬಣ್ಣ, ಮಿರಮಿರ ಮಿಂಚುತ್ತಿತ್ತು. ಮನೆಗೆ ತಂದು ಜ್ಯಾಕ್ ಕರಕರ ಅಂತಿದೆ ಅಂತ ಬಿಚ್ಚಿದರೆ ಸ್ಕ್ರೂ ಜೊತೆಗೆ ಹಳದಿ ಮರದ ಪುಡಿ ಉದುರಿತು! ಅದು ಹೋನರ್ ಬಿ-2. ಸ್ಟೈನ್‌ಬರ್ಗರ್ ಅವರಿಂದ ಲೈಸೆನ್ಸ್ ತಗೊಂಡು ಮಾಡಿದ್ದು ಸರಿ, ಆದರೆ ಮೇಪಲ್ ಮರದ್ದು. ಒಳ್ಳೇ ಬೇಸೇ, ಈಗಲೂ ನುಡಿಸ್ತೀನಿ. ಆದರೆ ಮರಕ್ಕೆ ಕೊಡೋ ದುಡ್ಡಲ್ಲ ನಾನು ಕೊಟ್ಟಿದ್ದು. ಕೇಳಿದರೆ "ನಮಗೂ ಹಾಗೇ ಹೇಳಿದ್ದರು" ಅಂದರು. ಏನು ಮಾಡ್ತೀರಿ.

ಇನ್ನೊಂದು. ತಲೆ ಇಲ್ಲದ ಬೇಸ್‌ಗೆ ಎರಡೂ ತುದಿಗೆ ಗುಂಡು ಇರೋ ತಂತಿ ಬೇಕು. ನಮ್ಮ ಕಡೆ ಅಂಗಡಿಯಲ್ಲಿ ಕೇಳಿದರೆ ಮುಖ ನೋಡ್ತಾರೆ. ನಿಮ್ಮದಕ್ಕೆ ತಲೆ ಇದೆ ಅಲ್ವಾ, ಬಚಾವ್.

ಗಾಳಿರೆಕ್ಕೆ, ಚಿತ್ರದುರ್ಗ

ನಾನು ಗಿಟಾರ್ ನುಡಿಸಲ್ಲ, ಮಗಳು ಕಲೀತಾಳೆ ಅಂತ ಇಲ್ಲಿ ಓದ್ತಾ ಇರ್ತೀನಿ. ಆದರೆ ಈ ವಿಷಯದಲ್ಲಿ ಬಾಯಿ ಹಾಕಬಹುದು ಅನ್ಸುತ್ತೆ. ದುರ್ಗದ ಗುಡ್ಡದ ಮೇಲೆ ತಿರುಗೋ ಗಾಳಿಯಂತ್ರಗಳ ರೆಕ್ಕೆ ರಿಪೇರಿ ನನ್ನ ಕೆಲಸ. ಹಗ್ಗದಲ್ಲಿ ನೇತಾಡಿಕೊಂಡು ಎಪಾಕ್ಸಿ ಹಚ್ಚೋದು. ರೆಕ್ಕೆ ಬಹುಪಾಲು ಗಾಜಿನ ನಾರು, ಉದ್ದನೆ ರೆಕ್ಕೆಗಳ ಒಳಗೆ ಕಾರ್ಬನ್ ಪಟ್ಟಿಯೂ ಇರುತ್ತೆ. ನಿಮ್ಮ ನೆಕ್ಕೂ ಅದೇ ಜಾತಿ.

ಈ ಮಾಲಿಗೆ ಗೆದ್ದಲು ಇಲ್ಲ, ತೇವ ಇಲ್ಲ, ಬಾಗೋದಿಲ್ಲ. ಇದರ ರೋಗ ಒಂದೇ: ಒಳಗಡೆ ಪದರ ಬಿಡೋದು. ಎಲ್ಲೋ ಬಿದ್ದಿರುತ್ತೆ, ಮೇಲೆ ಕೂದಲೆಳೆಯಷ್ಟು ಗೆರೆ, ಒಳಗೆ ಪದರ ಎದ್ದಿರುತ್ತೆ. ಕಣ್ಣಿಗೆ ಕಾಣಲ್ಲ, ಕಿವಿಗೆ ಕೇಳುತ್ತೆ. ಒಂದು ರೂಪಾಯಿ ನಾಣ್ಯ ತಗೊಂಡು ನೆಕ್ ಹಿಂಭಾಗಕ್ಕೆ ಬೆರಳಗಲಕ್ಕೆ ಒಂದರಂತೆ ತಟ್ಟುತ್ತಾ ಹೋಗಿ. ಚೆನ್ನಾಗಿರೋ ಕಡೆ 'ಟಿಕ್ ಟಿಕ್' ಅಂತ ಚುರುಕಾಗಿ ಕೇಳುತ್ತೆ. ಪದರ ಬಿಟ್ಟ ಕಡೆ 'ಡಬ್' ಅನ್ನುತ್ತೆ. ತೆಂಗಿನಕಾಯಿ ತಟ್ಟಿ ನೋಡಲ್ವಾ, ಹಾಗೆ. ನಾವು ರೆಕ್ಕೆ ನೋಡೋದೂ ಹೀಗೇ.

ಹರಿಹರದ ಅಣ್ಣನಿಗೆ ಆದ ಹಾಗೆ ಆಗಬಾರದು ಅಂದ್ರೆ ಮಲ್ಟಿಮೀಟರ್ ಒಯ್ಯಿರಿ. ಕಾರ್ಬನ್ ನಾರಿನಲ್ಲಿ ಕರೆಂಟ್ ಹರಿಯುತ್ತೆ, ಒಣ ಮರದಲ್ಲಿ ಹರಿಯಲ್ಲ. ಮೇಲಿನ ವಾರ್ನಿಷ್ ಮೇಲೆ ಇಟ್ಟರೆ ಏನೂ ತೋರಿಸಲ್ಲ. ಸ್ಕ್ರೂ ತೂತಿನ ಒಳಗೆ, ನಾರು ಬಿಚ್ಚಿರೋ ಕಡೆ ಎರಡೂ ಕಡ್ಡಿ ತಾಗಿಸಿ. ಬೇಕಾದರೆ ಭಾನುವಾರ ನಾನೇ ಬರ್ತೀನಿ, ರಜೆ ಇದೆ.

ಬೆಣ್ಣೆದೋಸೆ, ದಾವಣಗೆರೆ

ಗಾಳಿಯಂತ್ರದ ಡಾಕ್ಟರ್ ಬೇಸ್ ಗಿಟಾರ್ ನೋಡೋಕೆ ಬರ್ತಾರಂತೆ. ಈ ಚರ್ಚೆ ನಾನು ಬಿಡಲ್ಲ ಇನ್ನು.

ಹಳೇ ಮೈಕು, ದಾವಣಗೆರೆ

ತಮ್ಮಾ, ನಾನು ಮೂವತ್ತೈದು ವರ್ಷ ಸೌಂಡ್ ಸಿಸ್ಟಂ ಹಾಕಿದವನು. ನೆಕ್ ಬಗ್ಗೆ ಎಲ್ಲರೂ ಹೇಳಿದರು, ವೈರಿನ ಬಗ್ಗೆ ಯಾರೂ ಹೇಳಲಿಲ್ಲ. ಆ ಕಾಲದ ಇಂಥ ಬೇಸ್‌ಗಳಲ್ಲಿ ಬ್ಯಾಟರಿಯಲ್ಲಿ ಓಡುವ ಆ್ಯಕ್ಟಿವ್ ಪಿಕಪ್ (ತಂತಿಯ ಕಂಪನ ಹಿಡಿಯೋ ಭಾಗ) ಜಾಸ್ತಿ. 9 ವೋಲ್ಟ್ ಚೌಕ ಬ್ಯಾಟರಿ. ಮೂರು ವರ್ಷ ಅಟ್ಟದ ಮೇಲಿತ್ತು ಅಂದೆಯಲ್ಲ, ಒಳಗೆ ಬ್ಯಾಟರಿ ಬಿಟ್ಟಿದ್ದರೆ ಸೋರಿ ಹಸಿರು ಕಟ್ಟಿರುತ್ತೆ. ಹಿಂದಿನ ಮುಚ್ಚಳ ತೆಗೆದು ನೋಡು. ಜ್ಯಾಕ್‌ಗೆ ಕೇಬಲ್ ಚುಚ್ಚಿಟ್ಟರೆ ನುಡಿಸದಿದ್ದರೂ ಬ್ಯಾಟರಿ ಖರ್ಚಾಗುತ್ತೆ, ಅದು ನೆನಪಿರಲಿ.

ಇನ್ನೊಂದು, ಇದು ಗ್ರ್ಯಾಫೈಟ್‌ಗೆ ಸಂಬಂಧ ಇಲ್ಲ, ಆದರೂ ಹೇಳ್ತೀನಿ. ಬಹಳಷ್ಟು ಬೇಸ್‌ಗಳಲ್ಲಿ ತಂತಿಗೆ ಆ್ಯಂಪಿನ ಅರ್ತ್ ಸೇರಿರುತ್ತೆ. ಹಳ್ಳಿ ಸ್ಟೇಜಿನಲ್ಲಿ ಜನರೇಟರಿಗೆ ಅರ್ತಿಂಗ್ ಇರಲ್ಲ. ಬೇಸ್ ಹಿಡ್ಕೊಂಡೇ ಮೈಕಿಗೆ ಬಾಯಿ ತಾಗಿಸಿ ಕೋರಸ್ ಹಾಡೋಕೆ ಹೋದ ಒಬ್ಬ ಹುಡುಗ ನನ್ನ ಕಣ್ಣೆದುರೇ ಹಿಂದಕ್ಕೆ ಬಿದ್ದ. ತುಟಿ ಸುಟ್ಟಿತ್ತು. ಅವತ್ತಿನಿಂದ ನಾನು ಸ್ಟೇಜ್ ಹಾಕಿದರೆ ಮೊದಲು ಕಬ್ಬಿಣದ ಸಲಾಕೆ ನೆಲಕ್ಕೆ ಹೊಡೆದು, ಒಂದು ಕೊಡ ನೀರು ಸುರಿದು, ಅದಕ್ಕೆ ವೈರ್ ಕಟ್ಟಿ ಆಮೇಲೆ ಬಾಕಿ ಕೆಲಸ.

ತಗ್ಗುಸ್ವರ, ದಾವಣಗೆರೆ

ಭಾನುವಾರ ಹೋಗಿ ಬಂದೆ. ನಿಧಾನಕ್ಕೆ ಬರೀತೀನಿ, ತುಂಬಾ ಆಯ್ತು.

ಗಾಳಿರೆಕ್ಕೆ ಅಣ್ಣ ಬಸ್‌ಸ್ಟ್ಯಾಂಡಿಗೇ ಬೈಕ್ ತಂದಿದ್ದರು. ಕೋಟೆ ಕೆಳಗಿನ ಹಳೇ ಬೀದಿಯಲ್ಲಿ ಮನೆ. ಮಾರುವವರು ಒಳ್ಳೆಯವರು. ಅವರತ್ತೆ, ಅಂದ್ರೆ ಬೇಸ್ ನುಡಿಸುತ್ತಿದ್ದವರ ಹೆಂಡತಿ, ಅಲ್ಲೇ ಕುರ್ಚಿಯಲ್ಲಿ ಕೂತಿದ್ದರು. ಕೇಸ್ ತೆಗೆದ ಕೂಡಲೇ ನುಸಿಗುಳಿಗೆ ವಾಸನೆ. ತಂತಿ ತುಕ್ಕು ಹಿಡಿದು ಕಂದು ಬಣ್ಣಕ್ಕೆ ತಿರುಗಿತ್ತು, ಪೂರ್ತಿ ಸಡಿಲ. "ಅವರು ಊರಿಗೆ ಬಂದಾಗೆಲ್ಲ ಸಡಿಲ ಮಾಡೇ ಇಡೋರು" ಅಂದರು ಅಮ್ಮ. ಬ್ಯಾಟರಿಯನ್ನೂ ಅವರೇ ತೆಗೆದಿಟ್ಟಿದ್ದರಂತೆ. ಹಳೇ ಮೈಕು ಅಣ್ಣ, ಒಳಗೆ ಹಸಿರು ಇರಲಿಲ್ಲ! ಪಿಕಪ್ ಮೇಲೆ ಇಎಂಜಿ ಅಂತ ಕಂಪನಿ ಹೆಸರಿದೆ.

ಹಳೇ ತಂತಿಯನ್ನೇ ಮೆಲ್ಲಗೆ ಶ್ರುತಿಗೆ ತಂದೆ. ಎಲ್ಲಿ ಪಟ್ ಅನ್ನುತ್ತೋ ಅಂತ ಮುಖ ಪಕ್ಕಕ್ಕೆ ತಿರುಗಿಸಿಕೊಂಡಿದ್ದೆ. ತುಂಡಾಗಲಿಲ್ಲ. ಕಾಫಿ ಬಂತು, ಜೊತೆಗೆ ಖಾರಾ ಮಂಡಕ್ಕಿ. ಅರ್ಧ ಗಂಟೆ ಬಿಟ್ಟು ಮೇಷ್ಟ್ರು ಹೇಳಿದ ಹಾಗೆ ಎರಡು ಕಡೆ ಒತ್ತಿ ಹಿಡಿದೆ, ಗಾಳಿರೆಕ್ಕೆ ಅಣ್ಣ ಫೀಲರ್ ಗೇಜ್ ತೂರಿಸಿದರು. 0.05ರ ಪಟ್ಟಿಯೂ ಹೋಗಲಿಲ್ಲ. ಸಂದಿಯೇ ಇಲ್ಲ. ನುಡಿಸಿದರೆ ಮೊದಲ ಐದು ಫ್ರೆಟ್ ಜಿರ್ ಜಿರ್. ನನ್ನ ಎದೆ ಧಸಕ್ಕಂತು.

ಆ ತಂತಿ 40-95ರದ್ದು (ತೆಳು ತಂತಿಯಿಂದ ದಪ್ಪ ತಂತಿವರೆಗಿನ ದಪ್ಪ, ಇಂಚಿನ ಸಾವಿರದ ಭಾಗದಲ್ಲಿ), ತೆಳು. ತೆಗೆದು 45-105 ಹಾಕಿದೆ. ಮತ್ತೆ ಶ್ರುತಿ, ಮತ್ತೆ ಅರ್ಧ ಗಂಟೆ. ಅಷ್ಟರಲ್ಲಿ ಅಮ್ಮ ಹಳೇ ಫೋಟೋ ತಂದು ತೋರಿಸಿದರು. ಬಿಳಿ ಕೋಟು, ದೊಡ್ಡ ಕಾಲರ್, ಇದೇ ಬೇಸ್. ಆಗ ಬಾಡಿ ಕಪ್ಪಗಿತ್ತು. ಕೆಂಪು ಬಣ್ಣ ಮಾಡಿದ್ದು ಇಲ್ಲಿಗೆ ಬಂದಮೇಲೆ, ಮನೆ ಗೇಟಿಗೆ ತಂದ ಪೇಂಟ್ ಉಳಿದಿತ್ತಂತೆ.

ಮತ್ತೆ ಗೇಜ್ ಹಾಕಿದೆವು. 0.05 ಹೋಯ್ತು. 0.10 ಸಲೀಸಾಗಿ ಹೋಯ್ತು. 0.15 ಸಿಕ್ಕಿಕೊಂಡಿತು. ಬ್ರಿಡ್ಜ್‌ನಲ್ಲಿ (ಬಾಡಿ ಮೇಲೆ ತಂತಿ ಕೂರೋ ತುಂಡು) ತಂತಿಯನ್ನು ಸ್ವಲ್ಪ ಎತ್ತರಿಸಿದೆ, ಜಿರ್ ನಿಂತಿತು. ಮೇಷ್ಟ್ರೇ, ನೀವು ಹೇಳಿದ್ದು ಅಕ್ಷರಶಃ ನಿಜ.

ಆಮೇಲೆ ನಾಣ್ಯ. ಅಣ್ಣ ಕಣ್ಣು ಮುಚ್ಚಿಕೊಂಡು ತಲೆ ಕಡೆಯಿಂದ ತಟ್ಟುತ್ತಾ ಬಂದರು. ಟಿಕ್, ಟಿಕ್, ಟಿಕ್. ನೆಕ್ ಬಾಡಿಗೆ ಸೇರೋ ಕಡೆ ಬಂದಾಗ 'ಡಬ್'. ಇನ್ನೊಂದು ಸಲ ತಟ್ಟಿದರು, ಮತ್ತೆ 'ಡಬ್'. ಮಾರುವವರ ಮುಖ ಇಳಿಯಿತು, ನನ್ನದೂ. ಒಪ್ಪಿಗೆ ಕೇಳಿ ನೆಕ್ ಬಿಚ್ಚಿದೆವು. ನಾಲ್ಕು ಸ್ಕ್ರೂನಲ್ಲಿ ಮೂರು ಬಿಗಿಯಾಗಿದ್ದವು, ಒಂದು ಸುಮ್ನೆ ಗಿರಗಿರ ತಿರುಗುತ್ತಿತ್ತು. ಯಾರೋ ಕಪಾಟಿನ ದಪ್ಪ ಮರದ ಸ್ಕ್ರೂ ತಿರುಪಿದ್ದಾರೆ. ಅದರ ಸುತ್ತ ಒಂದು ರೂಪಾಯಿ ಅಗಲದಷ್ಟು ಪದರ ಎದ್ದಿದೆ. ಆ ತೂತಿನಲ್ಲೇ ಮಲ್ಟಿಮೀಟರ್ ಇಟ್ಟೆವು, ಮುಳ್ಳು ಎದ್ದು ನಿಂತಿತು. ಕಾರ್ಬನ್ನೇ, ಅನುಮಾನ ಇಲ್ಲ.

ದುಡ್ಡು ಇನ್ನೂ ಕೊಟ್ಟಿಲ್ಲ. ಈಗ ಹೇಳಿ.

ಸೆಟಪ್ ಮೇಷ್ಟ್ರು, ಬೆಂಗಳೂರು

ನೆಕ್ ಮಧ್ಯದಲ್ಲಿ 'ಡಬ್' ಅಂದಿದ್ದರೆ ಬೇಡ ಅಂತಿದ್ದೆ. ಹಿಮ್ಮಡಿಯಲ್ಲಿ, ಬಾಡಿಗೆ ಸೇರೋ ಕಡೆ, ಒಂದು ತೂತು ಅಂದ್ರೆ ರಿಪೇರಿ ಆಗೋದು. ಫ್ರೆಟ್ ಸವೆದಿದೆಯಾ? ಅದನ್ನು ಹೇಳಲೇ ಇಲ್ಲ ನೀವು. ಇದರ ಫಿಂಗರ್‌ಬೋರ್ಡ್, ಅಂದ್ರೆ ಫ್ರೆಟ್ ಕೂರಿಸಿರೋ ಮೇಲ್ಮೈ, ಮರ ಅಲ್ಲ, ಗಟ್ಟಿ ರಾಳದ ಹಲಗೆ. ಫ್ರೆಟ್ ಕೀಳುವಾಗ ಚಕ್ಕೆ ಏಳುತ್ತೆ. ಎಲ್ಲರೂ ಮಾಡಲ್ಲ, ಮಾಡುವವರು ಜಾಸ್ತಿ ಕೇಳ್ತಾರೆ.

ತಗ್ಗುಸ್ವರ, ದಾವಣಗೆರೆ

ಮೊದಲ ಮೂರು ಫ್ರೆಟ್‌ನಲ್ಲಿ ದಪ್ಪ ತಂತಿ ಕೆಳಗೆ ಸಣ್ಣ ಗುಳಿ ಇದೆ. ಉಗುರಿಗೆ ಸಿಗುತ್ತೆ, ಕಣ್ಣಿಗೆ ಅಷ್ಟಾಗಿ ಕಾಣಲ್ಲ. ಉಳಿದವು ಚೆನ್ನಾಗಿವೆ.

ಸೆಟಪ್ ಮೇಷ್ಟ್ರು, ಬೆಂಗಳೂರು

ಹಾಗಾದರೆ ಒಂದು ಸಲ ಉಜ್ಜಿ ಸಮ ಮಾಡಬಹುದು, ಕೀಳೋದು ಬೇಡ. ಈಗ ರೇಟು ಮಾತಾಡಿ. ತೂತು, ಗೇಟಿನ ಪೇಂಟು, ಹೆಸರಿಲ್ಲದ ಬಾಡಿ, ಮೂರೂ ನಿಮ್ಮ ಕಡೆಗಿವೆ. ಆದರೆ ತೀರಾ ಕಚ್ಚಾಡಬೇಡಿ. ನೆಟ್ಟಗಿರೋ ನೆಕ್ ಅದು.

ಗಾಳಿರೆಕ್ಕೆ, ಚಿತ್ರದುರ್ಗ

ತೂತು ನನಗೆ ಬಿಡಿ. ಎದ್ದ ಪದರದ ಒಳಗೆ ತೆಳು ಎಪಾಕ್ಸಿಯನ್ನು ಸಿರಿಂಜ್‌ನಲ್ಲಿ ಇಳಿಸಿ ಕ್ಲಾಂಪ್ ಹಾಕ್ತೀನಿ. ತೂತು ಸ್ವಲ್ಪ ಅಗಲ ಮಾಡಿ ಹಿತ್ತಾಳೆ ಬುಶ್ ಕೂರಿಸ್ತೀನಿ. ಆಮೇಲೆ ಮರದ ಸ್ಕ್ರೂ ಅಲ್ಲ, ಬೋಲ್ಟ್ ಹಾಕಿ. ನೀವೇ ಮನೆಯಲ್ಲಿ ಡ್ರಿಲ್ ಹಿಡಿಯೋಕೆ ಹೋಗಬೇಡಿ. ಕಾರ್ಬನ್ ಧೂಳು ಚರ್ಮಕ್ಕೆ ತುರಿಕೆ, ಉಸಿರಿಗೆ ಇನ್ನೂ ಕೆಟ್ಟದ್ದು. ಮಾಸ್ಕ್ ಇಲ್ಲದೆ ಮುಟ್ಟಬಾರದು.

ರಿಪೇರಿ ಆದಮೇಲೆ ಒಂದು ಪಥ್ಯ. ಮಧ್ಯಾಹ್ನದ ಬಿಸಿಲಲ್ಲಿ ಕಾರಿನ ಡಿಕ್ಕಿಯಲ್ಲಿ ಇಡಬೇಡಿ. ಬಿಸಿ ಕೊಡದೆ ಹಾಗೇ ಗಟ್ಟಿಯಾದ ಎಪಾಕ್ಸಿ 50-60 ಡಿಗ್ರಿಗೆ ಮೆತ್ತಗಾಗೋಕೆ ಶುರು ಮಾಡುತ್ತೆ. ಏಪ್ರಿಲ್‌ನಲ್ಲಿ ಮುಚ್ಚಿದ ಕಾರಿನೊಳಗೆ ಅಷ್ಟು ಬಿಸಿ ಆರಾಮಾಗಿ ಬರುತ್ತೆ.

ಹರಿಹರದ ಐದು ತಂತಿ

ಒಂದು ಅನುಮಾನ ಮೇಷ್ಟ್ರೇ. ಗ್ರ್ಯಾಫೈಟ್ ಅಂದ್ರೆ ಶ್ರುತಿ ಹೋಗೋದೇ ಇಲ್ಲ ಅಂತಾರಲ್ಲ, ನಿಜಾನಾ?

ಸೆಟಪ್ ಮೇಷ್ಟ್ರು, ಬೆಂಗಳೂರು

ಅರ್ಧ ನಿಜ. ನೆಕ್ ಕದಲಲ್ಲ. ತಂತಿ ಉಕ್ಕಿನದು ತಾನೇ? ಹ್ಯಾಲೊಜನ್ ಲೈಟಿನ ಬಿಸಿಗೆ ತಂತಿ ಹಿಗ್ಗುತ್ತೆ, ಶ್ರುತಿ ಸ್ವಲ್ಪ ಇಳಿಯುತ್ತೆ. ಸ್ಟೇಜಿಗೆ ಹೋಗಿ ಹತ್ತು ನಿಮಿಷ ಆದಮೇಲೆ ಶ್ರುತಿ ಮಾಡಿ. ತೇವಕ್ಕೆ ಬಾಗೋ ಕಾಟ ಮಾತ್ರ ಇರಲ್ಲ. ಇನ್ನೊಂದು ಲಾಭ, ಮರದ ನೆಕ್‌ನಲ್ಲಿ ಜಿ ತಂತಿಯ ಐದು, ಆರು, ಏಳನೇ ಫ್ರೆಟ್ ಹತ್ತಿರ ಒಂದು ಸ್ವರ ಬೇಗ ಸತ್ತುಹೋಗುತ್ತಲ್ಲ, ಅದು ಇದರಲ್ಲಿ ಕಡಿಮೆ.

ಬೆಣ್ಣೆದೋಸೆ, ದಾವಣಗೆರೆ

ಅಯ್ಯೋ, ನನ್ನ ಬೇಸ್‌ನಲ್ಲೂ ಅಲ್ಲೇ ಸಾಯುತ್ತೆ! ಇಷ್ಟು ವರ್ಷ ನನ್ನ ಬೆರಳಿನ ತಪ್ಪು ಅಂದ್ಕೊಂಡಿದ್ದೆ. ಮೊದಲೇ ಹೇಳೋದಲ್ವಾ ಸಾರ್.

ತಗ್ಗುಸ್ವರ, ದಾವಣಗೆರೆ

ವ್ಯಾಪಾರ ಆಯ್ತು. 78,000. ನಾನು 70 ಅಂದೆ, ಅವರು 90 ಅಂದರು. ಇಬ್ಬರೂ ಸುಮ್ನಾದ್ವಿ. ಅಮ್ಮನೇ ಮಧ್ಯೆ ಬಂದು "ನುಡಿಸೋ ಹುಡುಗ, ಕೊಟ್ಟುಬಿಡಪ್ಪ" ಅಂದರು. ಫೋಟೋ ಕೇಳಿದೆ, ಕೊಡಲಿಲ್ಲ. ಮೊಬೈಲಿನಲ್ಲಿ ಹೊಡ್ಕೊಂಡೆ.

ನೆಕ್ ಈಗ ಗಾಳಿರೆಕ್ಕೆ ಅಣ್ಣನ ಮನೆಯಲ್ಲಿ ಕ್ಲಾಂಪ್ ಕೆಳಗಿದೆ. ಬಾಡಿ ನನ್ನ ಮನೆಯಲ್ಲಿ. ನನ್ನ ಹೆಂಡತಿ "ಅರ್ಧ ಗಿಟಾರಿಗೆ 78 ಸಾವಿರನಾ" ಅಂತ ಕೇಳ್ತಾ ಇದ್ದಾಳೆ.

ಗಾಳಿರೆಕ್ಕೆ, ಚಿತ್ರದುರ್ಗ

ಕ್ಲಾಂಪ್ ತೆಗೆದೆ. ಬುಶ್ ಕೂತಿದೆ. ನಾಣ್ಯ ತಟ್ಟಿದೆ, 'ಟಿಕ್' ಅಂತು. ಮಗಳೂ ತಟ್ಟಿ ನೋಡಿದಳು. ಬುಧವಾರ ಬಂದು ತಗೊಂಡು ಹೋಗಿ. ಬಸ್ಸಿನ ಟಾಪ್ ಮೇಲೆ ಹಾಕಬೇಡಿ, ಕೈಯಲ್ಲೇ ಹಿಡ್ಕೊಳ್ಳಿ.

ತಗ್ಗುಸ್ವರ, ದಾವಣಗೆರೆ

ನಿನ್ನೆ ಹರಿಹರದಲ್ಲಿ ಮೊದಲ ಪ್ರೋಗ್ರಾಂ. ನಾಲ್ಕು ಗಂಟೆ ನುಡಿಸಿದೆ. ಹೊಳೆ ದಂಡೆ, ರಾತ್ರಿ ಹನ್ನೊಂದಕ್ಕೆ ಮಂಜು ಬಿದ್ದು ಕೀಬೋರ್ಡಿಗೆ ಬಟ್ಟೆ ಹೊದಿಸಬೇಕಾಯ್ತು. ಬೇಸ್ ಒಂದು ಸಲವೂ ಜಿರ್ ಅನ್ನಲಿಲ್ಲ. ಶ್ರುತಿ ಶುರುವಿನಲ್ಲಿ ಒಂದು ಸಲ ಇಳಿಯಿತು, ಮೇಷ್ಟ್ರು ಹೇಳಿದ ಹಾಗೆ ಹತ್ತೇ ನಿಮಿಷಕ್ಕೆ. ದಪ್ಪ ತಂತಿಯ ಸದ್ದು ಮರದ ಬೇಸ್‌ಗಿಂತ ಕಡಕ್ಕಾಗಿದೆ. ಹಳೇ ಹಾಡುಗಳಿಗೆ ಸ್ವಲ್ಪ ಜಾಸ್ತಿಯೇ ಕಡಕ್ಕು. ಟ್ರೆಬಲ್ ಅರ್ಧಕ್ಕಿಂತ ಕೆಳಗೆ ಇಟ್ಟೆ, ಆಗ ಹೊಂದಿತು.

ಒಂದೇ ಎಡವಟ್ಟು. ಕೊನೇ ಹಾಡಿಗೆ ಸದ್ದು ಕರಕರ ಅಂತ ಸಣ್ಣಗಾಗುತ್ತಾ ಬಂತು. ಬ್ಯಾಟರಿ. ಹಿಂದಿನ ರಾತ್ರಿ ಪ್ರಾಕ್ಟೀಸ್ ಮಾಡಿ ಕೇಬಲ್ ಚುಚ್ಚಿದ ಹಾಗೇ ಬಿಟ್ಟು ಮಲಗಿದ್ದೆ.

ಹಳೇ ಮೈಕು, ದಾವಣಗೆರೆ

ಹೇಳಿದ್ದೆನಲ್ಲ ತಮ್ಮಾ. ಕೇಸಿನಲ್ಲಿ ಎರಡು ಹೆಚ್ಚಿಗೆ ಇಟ್ಕೊ. ಅರ್ತಿಂಗ್ ನೋಡಿದೆಯಾ ಇಲ್ಲವಾ?

ತಗ್ಗುಸ್ವರ, ದಾವಣಗೆರೆ

ಸಲಾಕೆ ಹೊಡೆಸಿದೆ ಅಣ್ಣ. ನೀರೂ ಹೊಯ್ದೆ.